ಬೆಂಕಿಕಡ್ಡಿಯಷ್ಟು ಸಡಿಲ

ಎಂಜಿನ್ನು ಆಮೇಲೆ, ಮೊದಲು ಸುಮ್ಮನೆ ಕೂತುಕೋ ಅಂದ.
ಕೂತೆ.
ಹನ್ನೆರಡು ವರ್ಷ ಹಿಂದಿನ ಸೀಟಿನಲ್ಲೇ ಕಳೆದವಳಿಗೆ
ಮುಂದಿನ ಸೀಟು ಗೇಣು ದೂರದ ಪರದೇಶ.
ಹ್ಯಾಂಡಲು ಅವನ ಎದೆಯ ಅಗಲಕ್ಕೆ ಕೊಂಬು ಚಾಚಿ ನಿಂತಿದೆ,
ಹಿಡಿಯಹೋದರೆ ಯಾಕ್ ಎತ್ತಿಗೆ
ಬಗ್ಗಿ ನಮಸ್ಕಾರ ಮಾಡಿದ ಹಾಗಾಗುತ್ತದೆ.

ದಾಮ್ದಿನ್ ಗುಡಾರದೊಳಗಿಂದ ಮುಕ್ಕಾಲಿ ತಂದು
ಗಾಡಿಯ ಎಡಕ್ಕೆ ಕೂತ,
ಕೈಯನ್ನು ಕೋಟಿನ ತೋಳಿನೊಳಗೆ ಅಡಗಿಸಿ.
ಅದೇ ಕೈ. ವಸಂತದ ಧೂಳುಗಾಳಿಯಲ್ಲಿ
ಬೆದರಿದ ಕೆಂದು ಕುದುರೆಯ ಹಗ್ಗ ಸುತ್ತಿಕೊಂಡು
ಎರಡು ಬೆರಳು ಕಿತ್ತುಕೊಂಡು ಹೋಯಿತು.
ಮೂರನೆಯ ದಿನ ಕುದುರೆ ತಾನಾಗಿ ವಾಪಸು ಬಂತು.
ಹಗ್ಗವೂ ಬಂತು.

ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟ.
ಹ್ಯಾಂಡಲಿನ ಬುಡದ ನಾಲ್ಕು ನಟ್ಟು, ಪೂರ್ತಿ ಬಿಚ್ಚಬೇಡ,
ಅಲ್ಲಾಡುವಷ್ಟು ಸಾಕು. ಈಗ ನಿನ್ನ ಕಡೆ ಎಳೆದುಕೋ.
ಇನ್ನೂ. ಮೊಣಕೈ ಸ್ವಲ್ಪ ಮಡಚಿರಲಿ,
ಹಾಲು ಕರೆಯುವಾಗ ಇರುತ್ತದಲ್ಲ, ಹಾಗೆ.
ಎಷ್ಟೋ ವರ್ಷದ ತುಕ್ಕು ಕಿರ್ರೆಂದಿತು.
ಅವನು ಆಚೆ ಮೇಕೆಗಳ ಕಡೆ ನೋಡಿದ.

ಬ್ರೇಕಿನ ಪೆಡಲು ತಗ್ಗಿಸಿದೆ, ನನ್ನ ಬೂಟಿನ ಅಟ್ಟೆ ದಪ್ಪ.
ಗೇರಿನ ಸನ್ನೆಗೆ ಕಾಲ್ತುದಿ ಸಿಗುವಂತೆ ಒಂದು ಹಲ್ಲು ತಿರುಗಿಸಿದೆ.
ಬಲಗನ್ನಡಿಯಲ್ಲಿ ಬರೀ ಆಕಾಶವಿತ್ತು, ಅವನ ಎತ್ತರದ ಆಕಾಶ;
ಬಗ್ಗಿಸಿದೆ, ಬೆಟ್ಟ ಇಳಿಯಿತು, ನಾಯಿ ಬಂತು,
ಕೊನೆಗೆ ನನ್ನದೇ ಅರ್ಧ ಕಿವಿ.

ಕ್ಲಚ್ಚಿನ ಹತ್ತಿರ ಬಂದಾಗ ಅವನು ಎದ್ದು ನಿಂತ.
ಬೆಂಕಿಪೊಟ್ಟಣದಿಂದ ಒಂದು ಕಡ್ಡಿ ತೆಗೆದು
ಸನ್ನೆಗೂ ಅದರ ಗೂಡಿಗೂ ನಡುವೆ ಇಟ್ಟ.
ಇಷ್ಟು ಸಡಿಲ ಇರಬೇಕು, ನೋಡು.
ಜಾಸ್ತಿ ಬಿಗಿದರೆ ಅದು ಒಳಗೊಳಗೇ ಜಾರುತ್ತ ಸುಡುತ್ತದೆ,
ಸಡಿಲ ಜಾಸ್ತಿಯಾದರೆ ಗೇರು ಹಲ್ಲು ಕಡಿಯುತ್ತದೆ.
ಮದುವೆಯ ದಿನ ಯಾರಾದರೂ ಇದನ್ನು ಹೇಳಬಾರದಿತ್ತೇ ಅಂದೆ.
ನನ್ನಣ್ಣ ಹೇಳಲು ಬಂದಿದ್ದ, ಕುಡಿದು ಮಲಗಿಬಿಟ್ಟ ಅಂದ.
ಕೇಬಲ್ಲಿನ ತುದಿಯ ಪುಟ್ಟ ತಿರುಪು ತಿರುಗಿಸಿದೆ,
ಕಾಲು ಸುತ್ತು, ಇನ್ನೊಂದು ಕಾಲು ಸುತ್ತು.
ಕಡ್ಡಿ ಬೀಳಲಿಲ್ಲ, ಮುರಿಯಲಿಲ್ಲ.
ಆಗ ತೋಳಿನಿಂದ ಆ ಕೈ ಹೊರಬಂತು,
ಹೆಬ್ಬೆರಳು, ತೋರುಬೆರಳು, ದೂರದಲ್ಲಿ ಕಿರುಬೆರಳು.
ಸನ್ನೆಯನ್ನು ಒಮ್ಮೆ ಒತ್ತಲು ನೋಡಿತು.
ಅರ್ಧಕ್ಕೆ ನಿಂತಿತು.
ಸರಿಯಾಗಿದೆ ಅಂದ. ಕೈ ಮತ್ತೆ ಒಳಗೆ.

ಕಾರ್ಬುರೇಟರಿನ ಗುಂಡಿ ಒತ್ತು, ಪೆಟ್ರೋಲು ಬೆವರಲಿ.
ನ್ಯೂಟ್ರಲ್ಲು ಒಂದಕ್ಕೂ ಎರಡಕ್ಕೂ ನಡುವೆ ಅಡಗಿರುತ್ತದೆ,
ಪೂರ್ತಿ ಒದ್ದರೆ ಸಿಗುವುದಿಲ್ಲ, ನಿದ್ದೆ ಹೋದ ಮಗುವಿನ
ಹೊದಿಕೆ ಸರಿಸುವ ಹಾಗೆ.
ಕಿಕ್ಕು ಹೊಡೆದೆ. ಕೆಮ್ಮಿತು. ಹೊಡೆದೆ.
ಐದನೆಯದಕ್ಕೆ ನೀಲಿ ಹೊಗೆ ಬಿಟ್ಟು
ಇಡೀ ಬಯಲಿಗೆ ಕೇಳುವಂತೆ ಬೈಯತೊಡಗಿತು.
ಎಡಗೈ ಬಿಡುತ್ತಾ ಬಾ, ಬಲಗೈ ಕೊಡುತ್ತಾ ಬಾ.
ಗಕ್ಕೆಂದು ಸತ್ತಿತು.
ಮತ್ತೆ. ಸತ್ತಿತು.
ಮೇಕೆಗಳು ಮೇಯುವುದು ಬಿಟ್ಟು ನಿಂತವು.
ಮಗ ಬಾಗಿಲ ಕಂಬಳಿ ಎತ್ತಿ ನಕ್ಕ,
ಬೂಟು ಬಿಚ್ಚಿ ಎಸೆಯಬೇಕೆನಿಸಿತು.
ನಾಲ್ಕನೆಯ ಸಲ ಅಂಗೈಗೆ ತಿಳಿಯಿತು:
ಗಾಡಿ ಮೂಗು ಎತ್ತಿ ವಾಸನೆ ಹಿಡಿಯುವ ಒಂದು ಜಾಗವಿದೆ,
ಅಲ್ಲಿ ಒಂದು ಉಸಿರು ಕಾಯಬೇಕು.
ಕಾದೆ. ಹೊರಟಿತು.

ಬಾವಿಯವರೆಗೆ ಹೋಗಿ ತಿರುಗಿ ಬಂದೆ.
ಅವನು ಮುಕ್ಕಾಲಿ ಒಳಗಿಟ್ಟು ಟೋಪಿ ಹಾಕಿಕೊಂಡು ಕಾದಿದ್ದ.
ಒಂಟೆಗಳು ಉತ್ತರಕ್ಕೆ ಹೋಗಿವೆ, ನಡಿ, ಅಂದ.
ಹಿಂದೆ ಹತ್ತಿದ. ಕೈ ಎಲ್ಲಿಡಬೇಕೆಂದು
ಸ್ವಲ್ಪ ಹೊತ್ತು ಇಬ್ಬರಿಗೂ ಗೊತ್ತಾಗಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ;
ಬೆನ್ನ ಹಿಂದೆ ಕೂತವನಿಗೆ ಬೇಕು.
ಎಡಗನ್ನಡಿ ತಿರುಗಿಸಲು ಮರೆತಿದ್ದೆ.
ಅದರ ತುಂಬ ಇನ್ನೂ ಆಕಾಶ, ಮೂಲೆಯಲ್ಲಿ ಟೋಪಿಯ ತುದಿ.
ಕಲ್ಲು ಬಂದಾಗಲೆಲ್ಲ ಟೋಪಿ ಹಾರಿ ಕೂರುತ್ತಿತ್ತು.

ಒಂದರಿಂದ ಎರಡಕ್ಕೆ ಹಾಕುವಾಗ,
ನಾನು ಬೆರಳು ಮಡಚುವುದಕ್ಕೂ ಒಂದು ಕ್ಷಣ ಮುಂಚೆ,
ದಪ್ಪ ಕೋಟಿನ ಮೇಲೆ, ನಡುಕಟ್ಟಿನ ಎಡಕ್ಕೆ,
ಮೂರು ಬೆರಳು ಮೆಲ್ಲಗೆ ಮುಚ್ಚಿಕೊಂಡವು,
ಗೇರು ಬಿದ್ದ ಮೇಲೆ ತೆರೆದುಕೊಂಡವು.
ಎರಡರಿಂದ ಮೂರಕ್ಕೂ.